ಸಿಂಗಪುರದಲ್ಲಿ ತಂಗುವುದೆಲ್ಲಿ? ಪ್ರವಾಸಿ ಕುಟುಂಬಗಳಿಗೊಂದು ಕೈಪಿಡಿ

ಬೆಂಗಳೂರಿನ ಬಳೇಪೇಟೆಗೆ ಬಳೆ, ರೇಷ್ಮೆ ಸೀರೆ, ಸಂಗೀತ ವಾದ್ಯಗಳನ್ನು ಕೊಳ್ಳಲು ಹೊರ ಊರುಗಳಿಂದ ಬರುವವರು ತಂಗುದಾಣ ಹುಡುಕುವಾಗ ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳುವುದು ವಾಡಿಕೆ. ಪೇಟೆಗೆ ನಡೆದು ಹೋಗುವಷ್ಟು ಹತ್ತಿರವಿದೆಯೇ? ಸಮೀಪದಲ್ಲಿ ಶುಚಿಯಾದ ಊಟ ಸಿಗುತ್ತದೆಯೇ? ರಾತ್ರಿ ಹೊತ್ತು ಮೀರಿ ಬಂದರೂ ಹೆಂಗಸರು, ಮಕ್ಕಳಿಗೆ ತೊಂದರೆಯಿಲ್ಲವೇ? ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ನಡೆಸುತ್ತಿದ್ದ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರು ಕಟ್ಟಿಸಿದ ಛತ್ರ 1903ರಲ್ಲಿ ಬಾಗಿಲು ತೆರೆದದ್ದು ಇಂಥ ಪ್ರಶ್ನೆಗಳಿಗೆ ಉತ್ತರವಾಗಿಯೇ. ಪರ ಊರಿನಲ್ಲಿ ಇಳಿದವನಿಗೆ ಮೊದಲು ಬೇಕಾಗುವುದು ನಂಬಿಕೆಯ ಸೂರು ಎಂಬುದನ್ನು ಪೇಟೆಯ ವ್ಯಾಪಾರಿಗಳು ಚೆನ್ನಾಗಿ ಬಲ್ಲವರಾಗಿದ್ದರು.

ಇಂದು ಅದೇ ಪೇಟೆಯ ವ್ಯಾಪಾರಿಗಳು, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ನಿವೃತ್ತ ದಂಪತಿಗಳು ಸಿಂಗಪುರಕ್ಕೆ ಹೊರಡುತ್ತಿದ್ದಾರೆ. ಕೆಲವರದು ಮಕ್ಕಳನ್ನು ನೋಡಿಬರುವ ಪ್ರಯಾಣ, ಕೆಲವರದು ಶಾಲಾ ರಜೆಯ ಪ್ರವಾಸ, ಮತ್ತೆ ಕೆಲವರದು ವ್ಯವಹಾರ ಅಥವಾ ಚಿಕಿತ್ಸೆ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ತಾಸಿನ ಹಾದಿ. ಆದರೆ ಅಲ್ಲಿನ ಬಾಡಿಗೆ ಕಾನೂನು, ಕೊಠಡಿಯ ಅಳತೆ, ದರ ನಮೂದಿಸುವ ರೀತಿ ಎಲ್ಲವೂ ಇಲ್ಲಿಗಿಂತ ಭಿನ್ನ. ಅಂತರ್ಜಾಲದಲ್ಲಿ ಕಂಡ ಚಿತ್ರ ಮತ್ತು ಕಡಿಮೆ ದರವನ್ನಷ್ಟೇ ನೆಚ್ಚಿ ಕೊಠಡಿ ಕಾಯ್ದಿರಿಸಿದ ಕುಟುಂಬಗಳು ಅಲ್ಲಿಗೆ ಹೋದ ಮೇಲೆ ಹೆಚ್ಚು ಹಣ ತೆರುವ, ಕೆಲವೊಮ್ಮೆ ಕೊಠಡಿಯನ್ನೇ ಕಳೆದುಕೊಳ್ಳುವ ಸಂದರ್ಭಗಳು ಇಲ್ಲದಿಲ್ಲ. ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಊರಿನ ಸ್ವರೂಪ

ಸಿಂಗಪುರ ಒಂದು ದ್ವೀಪ, ಒಂದು ನಗರ, ಒಂದು ದೇಶ. ಅದರ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. 2025ರ ಸೆಪ್ಟೆಂಬರ್‌ವರೆಗೆ ಅಸ್ತಿತ್ವದಲ್ಲಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಹೆಚ್ಚುಕಡಿಮೆ ಸಮ. ಜನಸಂಖ್ಯೆ 60 ಲಕ್ಷದ ಆಸುಪಾಸು. ಕಂಟೇನರ್ ಸಾಗಾಟದಲ್ಲಿ ಶಾಂಘೈ ನಂತರದ ಸ್ಥಾನ ಇಲ್ಲಿನ ಬಂದರಿನದು. ಮಲಯ್, ಚೀನಿ, ತಮಿಳು ಮತ್ತು ಇಂಗ್ಲಿಷ್ ಅಧಿಕೃತ ಭಾಷೆಗಳು. ತಮಿಳು ಫಲಕಗಳನ್ನು ಓದಬಲ್ಲ ಬೆಂಗಳೂರಿನವರಿಗೆ ಮೊದಲ ದಿನದಿಂದಲೇ ಅರ್ಧ ಅಪರಿಚಿತತೆ ಕಳೆಯುತ್ತದೆ.

ಭಾರತೀಯ ವರ್ತಕರಿಗೂ ಈ ಬಂದರಿಗೂ ಹಳೆಯ ನಂಟು. 1819ರಲ್ಲಿ ಬ್ರಿಟಿಷರು ಇಲ್ಲಿ ವ್ಯಾಪಾರ ನೆಲೆ ಸ್ಥಾಪಿಸಿದ ಬಳಿಕ ಬಂದ ನಾಟುಕೋಟೆ ಚೆಟ್ಟಿಯಾರರು ಮಾರ್ಕೆಟ್ ಸ್ಟ್ರೀಟ್‌ನಲ್ಲಿ 'ಕಿಟ್ಟಂಗಿ'ಗಳನ್ನು ನಡೆಸುತ್ತಿದ್ದರು. ಹಗಲು ಲೇವಾದೇವಿಯ ಗದ್ದುಗೆ, ರಾತ್ರಿ ಮಲಗುವ ಜಾಗ, ಹಿಂಬದಿಯಲ್ಲಿ ಅಡುಗೆ ಮನೆ. ಪೇಟೆಯ ಮಂಡಿಯೂ ಛತ್ರವೂ ಒಂದೇ ಸೂರಿನಡಿ ಸೇರಿದಂಥ ವ್ಯವಸ್ಥೆ ಅದು. ನಗರದ ಪುನರ್ನಿರ್ಮಾಣದಲ್ಲಿ ಮಾರ್ಕೆಟ್ ಸ್ಟ್ರೀಟ್‌ನ ಕಿಟ್ಟಂಗಿಗಳು ಕಣ್ಮರೆಯಾದವು. ಇಂದಿನ ಪ್ರವಾಸಿಗೆ ಉಳಿದಿರುವುದು ಪರವಾನಗಿ ಪಡೆದ ಹೋಟೆಲು, ಹಾಸ್ಟೆಲು ಮತ್ತು ಸರ್ವಿಸ್ಡ್ ಅಪಾರ್ಟ್‌ಮೆಂಟುಗಳು.

ವೀಸಾ ಮತ್ತು ವಿಳಾಸ

ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ಸಿಂಗಪುರ ಪ್ರವೇಶಕ್ಕೆ ವೀಸಾ ಕಡ್ಡಾಯ. ಮಾನ್ಯತೆ ಪಡೆದ ಏಜೆಂಟರ ಮೂಲಕ ಅಥವಾ ಅಲ್ಲಿರುವ ಸಂಬಂಧಿಕರ ಮೂಲಕ ಅರ್ಜಿ ಸಲ್ಲಿಸಬಹುದು. ಸರ್ಕಾರಿ ಶುಲ್ಕ 30 ಸಿಂಗಪುರ ಡಾಲರ್; ಏಜೆಂಟರ ಸೇವಾ ಶುಲ್ಕ ಪ್ರತ್ಯೇಕ. ಅರ್ಜಿಯಲ್ಲಿ ತಂಗುವ ವಿಳಾಸ ಕೇಳಲಾಗುತ್ತದೆ. ಇದಲ್ಲದೆ ಅಲ್ಲಿಗೆ ತಲುಪುವ ಮೂರು ದಿನಗಳೊಳಗೆ ಅಂತರ್ಜಾಲದಲ್ಲಿ ಭರ್ತಿ ಮಾಡಬೇಕಾದ ಆಗಮನ ಕಾರ್ಡ್‌ನಲ್ಲೂ ವಸತಿಯ ವಿವರ ನೀಡಬೇಕು. ಈ ಕಾರ್ಡಿಗೆ ಸರ್ಕಾರ ಯಾವುದೇ ಶುಲ್ಕ ವಿಧಿಸುವುದಿಲ್ಲ. ಅದಕ್ಕೆಂದು ಹಣ ಕೇಳುವ ಜಾಲತಾಣಗಳಿಂದ ದೂರವಿರುವುದು ಒಳಿತು.

ಆದ್ದರಿಂದ ವಸತಿಯ ಆಯ್ಕೆ ಕೇವಲ ಸೌಕರ್ಯದ ವಿಚಾರವಲ್ಲ, ಅದು ದಾಖಲೆಯ ವಿಚಾರವೂ ಹೌದು. ವೀಸಾ ದೊರೆತ ಮಾತ್ರಕ್ಕೆ ಪ್ರವೇಶ ಖಚಿತವೆಂದಲ್ಲ. ವಿಮಾನ ನಿಲ್ದಾಣದ ಅಧಿಕಾರಿಗಳು ಎಲ್ಲಿ ತಂಗುವಿರಿ, ಎಷ್ಟು ದಿನ ಎಂದು ಪ್ರಶ್ನಿಸಬಹುದು. ಹೋಟೆಲಿನ ಹೆಸರು, ವಿಳಾಸ, ಕಾಯ್ದಿರಿಸಿದ ಪತ್ರದ ಮುದ್ರಿತ ಪ್ರತಿ ಕೈಯಲ್ಲಿರಬೇಕು. ವಯಸ್ಸಾದ ತಂದೆತಾಯಿಯರು ಪ್ರತ್ಯೇಕವಾಗಿ ಪ್ರಯಾಣಿಸುವಾಗ ಈ ಪ್ರತಿ ಅವರ ಬಳಿಯೇ ಇರುವುದು ಅಗತ್ಯ. ಮೊಬೈಲ್ ಬ್ಯಾಟರಿ ಮುಗಿದಾಗ ಕಾಗದವೇ ಆಸರೆ.

ವೀಸಾ ದೊರೆಯುವ ಮೊದಲೇ ಕೊಠಡಿ ಕಾಯ್ದಿರಿಸುವುದಾದರೆ ರದ್ದತಿಗೆ ಅವಕಾಶವಿರುವ ದರವನ್ನೇ ಆರಿಸಿಕೊಳ್ಳಬೇಕು. ಹಣ ಹಿಂತಿರುಗಿಸದ ದರ ತುಸು ಕಡಿಮೆಯಿರುತ್ತದೆ ನಿಜ. ಆದರೆ ವೀಸಾ ತಡವಾದರೆ ಅಥವಾ ತಿರಸ್ಕೃತವಾದರೆ ಪೂರ್ಣ ಮೊತ್ತ ನಷ್ಟ.

ಲಿಟಲ್ ಇಂಡಿಯಾ: ಪರಿಚಿತ ಪರಿಸರ

ಕನ್ನಡಿಗ ಕುಟುಂಬಗಳ ಮೊದಲ ಆಯ್ಕೆ ಸಾಮಾನ್ಯವಾಗಿ ಸಿರಂಗೂನ್ ರಸ್ತೆಯ ಸುತ್ತಲಿನ ಲಿಟಲ್ ಇಂಡಿಯಾ. ಹೂವಿನ ಅಂಗಡಿ, ಚಿನ್ನದ ಅಂಗಡಿ, ದಿನಸಿ, ದೇವಸ್ಥಾನ ಎಲ್ಲವೂ ನಡಿಗೆಯ ಅಂತರದಲ್ಲಿವೆ. ವೀರಮಾಕಾಳಿಯಮ್ಮನ್ ದೇವಸ್ಥಾನ ಮತ್ತು 1855ರಲ್ಲಿ ಸ್ಥಾಪನೆಯಾದ ಶ್ರೀನಿವಾಸ ಪೆರುಮಾಳ್ ದೇವಸ್ಥಾನ ಇದೇ ರಸ್ತೆಯಲ್ಲಿವೆ. ತಡರಾತ್ರಿಯವರೆಗೂ ತೆರೆದಿರುವ ಮುಸ್ತಫಾ ಸೆಂಟರ್ ಮಳಿಗೆ ಭಾರತೀಯ ಪ್ರವಾಸಿಗರ ಖರೀದಿಯ ಕೇಂದ್ರ.

ಸಂಚಾರದ ದೃಷ್ಟಿಯಿಂದಲೂ ಈ ಬಡಾವಣೆ ಅನುಕೂಲಕರ. ಲಿಟಲ್ ಇಂಡಿಯಾ ನಿಲ್ದಾಣದಲ್ಲಿ ಎರಡು ಮೆಟ್ರೊ ಮಾರ್ಗಗಳು ಸಂಧಿಸುತ್ತವೆ. ನೇರಳೆ ಬಣ್ಣದ ನಾರ್ತ್ ಈಸ್ಟ್ ಮಾರ್ಗದಲ್ಲಿ ಕುಳಿತರೆ ಚೈನಾಟೌನ್ ಮೂಲಕ ರೈಲು ಬದಲಿಸದೆ ಹಾರ್ಬರ್‌ಫ್ರಂಟ್ ತಲುಪಬಹುದು; ಸೆಂಟೋಸಾ ದ್ವೀಪಕ್ಕೆ ಹೋಗುವುದು ಅಲ್ಲಿಂದಲೇ. ನೀಲಿ ಬಣ್ಣದ ಡೌನ್‌ಟೌನ್ ಮಾರ್ಗದಲ್ಲಿ ರೋಚೋರ್, ಬೂಗಿಸ್, ಪ್ರಾಮೆನೇಡ್ ದಾಟಿದರೆ ನಾಲ್ಕನೆಯ ನಿಲ್ದಾಣವೇ ಬೇಫ್ರಂಟ್. ಮರೀನಾ ಬೇ ಸ್ಯಾಂಡ್ಸ್ ಹಾಗೂ ಗಾರ್ಡನ್ಸ್ ಬೈ ದ ಬೇ ಇರುವುದು ಅಲ್ಲಿ. ಚಾಂಗಿ ವಿಮಾನ ನಿಲ್ದಾಣದಿಂದ ಬರುವವರು ಎಕ್ಸ್‌ಪೋ ನಿಲ್ದಾಣದಲ್ಲಿ ಒಮ್ಮೆ ರೈಲು ಬದಲಿಸಿದರೆ ಸಾಕು.

ಕೊರತೆಗಳೂ ಇವೆ. ಭಾನುವಾರ ವಲಸೆ ಕಾರ್ಮಿಕರ ವಾರದ ರಜೆ. ಭಾರತ, ಬಾಂಗ್ಲಾದೇಶಗಳಿಂದ ದುಡಿಯಲು ಬಂದವರು ಊರಿಗೆ ಹಣ ಕಳುಹಿಸಲು, ಸ್ನೇಹಿತರನ್ನು ಕಾಣಲು ಇಲ್ಲಿ ಸೇರುತ್ತಾರೆ. ಸಂಜೆ ಬೀದಿಗಳು ಕಿಕ್ಕಿರಿದಿರುತ್ತವೆ. ಇದು ಅಪಾಯದ ಸಂಕೇತವೇನಲ್ಲ. ಆದರೆ ಜನಸಂದಣಿ, ಸದ್ದು ಸಹಿಸದ ಹಿರಿಯರಿದ್ದರೆ ಮುಖ್ಯರಸ್ತೆಯಿಂದ ಒಂದೆರಡು ಬೀದಿ ಒಳಗಿರುವ ಹೋಟೆಲು ಲೇಸು. 2013ರ ಡಿಸೆಂಬರ್ 8ರಂದು ನಡೆದ ಗಲಭೆಯ ನಂತರ, 2015ರಲ್ಲಿ ಜಾರಿಗೆ ಬಂದ ಕಾಯಿದೆಯಡಿ ಈ ಬಡಾವಣೆಯನ್ನು ಮದ್ಯ ನಿಯಂತ್ರಣ ವಲಯವೆಂದು ಘೋಷಿಸಲಾಗಿದೆ. ಶನಿವಾರ ಬೆಳಿಗ್ಗೆ 7ರಿಂದ ಸೋಮವಾರ ಬೆಳಿಗ್ಗೆ 7ರವರೆಗೆ ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆ ಇಲ್ಲಿ ಅಪರಾಧ. ದ್ವೀಪದ ಉಳಿದೆಡೆ ರಾತ್ರಿ 10.30ರಿಂದ ಬೆಳಿಗ್ಗೆ 7ರವರೆಗೆ ಈ ನಿಷೇಧವಿದೆ.

ಪಕ್ಕದ ಫ್ಯಾರರ್ ಪಾರ್ಕ್ ನಿಲ್ದಾಣದ ಸುತ್ತಲಿನ ಹೋಟೆಲುಗಳು ಇದೇ ಅನುಕೂಲಗಳನ್ನು ತುಸು ಕಡಿಮೆ ಗದ್ದಲದಲ್ಲಿ ಒದಗಿಸುತ್ತವೆ. ನಿಲ್ದಾಣಕ್ಕೆ ಹೊಂದಿಕೊಂಡೇ ಫ್ಯಾರರ್ ಪಾರ್ಕ್ ಆಸ್ಪತ್ರೆ ಇರುವುದರಿಂದ ಚಿಕಿತ್ಸೆಗೆಂದು ಬರುವವರ ಜೊತೆಗಾರರಿಗೂ ಇದು ಸೂಕ್ತ.

ಬೂಗಿಸ್ ಮತ್ತು ಚೈನಾಟೌನ್

ಲಿಟಲ್ ಇಂಡಿಯಾದ ಸಂದಣಿ ಬೇಡ, ಆದರೆ ಅದರಿಂದ ಬಹಳ ದೂರವೂ ಬೇಡ ಎನ್ನುವವರಿಗೆ ಬೂಗಿಸ್, ಬೆಂಕೂಲೆನ್ ಸ್ಟ್ರೀಟ್ ಆಸುಪಾಸು ಯೋಗ್ಯ. ಮಧ್ಯಮ ದರ್ಜೆಯ ಹೋಟೆಲುಗಳು ಇಲ್ಲಿ ಹಲವಾರಿವೆ. ವಾಟರ್‌ಲೂ ಸ್ಟ್ರೀಟ್‌ನಲ್ಲಿರುವ ಶ್ರೀಕೃಷ್ಣನ್ ದೇವಸ್ಥಾನದ ವೈಶಿಷ್ಟ್ಯವೆಂದರೆ, ಪಕ್ಕದ ಚೀನೀ ದೇಗುಲಕ್ಕೆ ಬರುವ ಭಕ್ತರು ಇಲ್ಲಿಯೂ ಊದುಬತ್ತಿ ಹಚ್ಚಿ ಕೈಮುಗಿದು ಹೋಗುತ್ತಾರೆ. ಸಮೀಪದ ಫಾರ್ಚೂನ್ ಸೆಂಟರ್ ಕಟ್ಟಡದಲ್ಲಿ ಚೀನೀ ಶೈಲಿಯ ಸಸ್ಯಾಹಾರಿ ಉಪಾಹಾರ ಮಂದಿರಗಳಿವೆ. ಈರುಳ್ಳಿ, ಬೆಳ್ಳುಳ್ಳಿ ಬಳಸದ ಬೌದ್ಧ ಪದ್ಧತಿಯ ಅಡುಗೆಯೂ ಅಲ್ಲಿ ಸಿಗುವುದರಿಂದ ಜೈನ ಕುಟುಂಬಗಳು ವಿಚಾರಿಸಿ ನೋಡಬಹುದು. ಆದರೆ ಗೆಡ್ಡೆಗೆಣಸು ಬಿಟ್ಟವರು ಪ್ರತಿ ಖಾದ್ಯದ ಬಗ್ಗೆಯೂ ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು.

ಚೈನಾಟೌನ್ ಹೆಸರು ಕೇಳಿ ಸಸ್ಯಾಹಾರಿಗಳು ಹಿಂಜರಿಯಬೇಕಿಲ್ಲ. ಸಿಂಗಪುರದ ಅತಿ ಹಳೆಯ ಹಿಂದೂ ದೇವಾಲಯ, 1827ರ ಶ್ರೀ ಮಾರಿಯಮ್ಮನ್ ದೇವಸ್ಥಾನ ಇರುವುದು ಇದೇ ಬಡಾವಣೆಯ ಸೌತ್ ಬ್ರಿಡ್ಜ್ ರಸ್ತೆಯಲ್ಲಿ. ಮೆಟ್ರೊದಲ್ಲಿ ಲಿಟಲ್ ಇಂಡಿಯಾ ಮೂರು ನಿಲ್ದಾಣಗಳ ದೂರ. ಇಲ್ಲಿನ ಹಳೆಯ ಅಂಗಡಿಮನೆಗಳನ್ನು ನವೀಕರಿಸಿ ಮಾಡಿದ ಸಣ್ಣ ಹೋಟೆಲುಗಳು ನೋಡಲು ಸೊಗಸು. ನಮ್ಮ ಪೇಟೆಯ ಹಳೆಯ ಕಟ್ಟಡಗಳಂತೆಯೇ ಇವುಗಳಲ್ಲಿ ಕೆಲವಕ್ಕೆ ಕಡಿದಾದ ಮೆಟ್ಟಿಲುಗಳಿವೆ, ಲಿಫ್ಟ್ ಇರದಿರಬಹುದು. ಮಂಡಿನೋವಿನ ಹಿರಿಯರೊಡನೆ ಹೋಗುವವರು ಲಿಫ್ಟ್ ಇದೆಯೇ ಎಂದು ಮೊದಲೇ ಬರೆದು ಕೇಳುವುದು ಕಡ್ಡಾಯ.

ಆರ್ಚರ್ಡ್, ಮರೀನಾ ಬೇ, ಸೆಂಟೋಸಾ

ಹಣದ ಮಿತಿ ಇಲ್ಲದವರಿಗೆ ಆರ್ಚರ್ಡ್ ರಸ್ತೆ ಮತ್ತು ಮರೀನಾ ಬೇ ಇವೆ. ಆರ್ಚರ್ಡ್ ದೊಡ್ಡ ಮಳಿಗೆಗಳ ರಸ್ತೆ. ಮೌಂಟ್ ಎಲಿಜಬೆತ್ ಆಸ್ಪತ್ರೆ ಇದರ ಸನಿಹದಲ್ಲಿದೆ. ಮರೀನಾ ಬೇ ಹೋಟೆಲುಗಳಲ್ಲಿ ಕಿಟಕಿಯ ಹೊರಗಿನ ನೋಟಕ್ಕೇ ಪ್ರತ್ಯೇಕ ದರ. ಬೆಳಿಗ್ಗೆ ಹೊರಟು ರಾತ್ರಿ ಹಿಂತಿರುಗುವ ಪ್ರವಾಸಿಗೆ ಆ ನೋಟದಿಂದ ಹೆಚ್ಚಿನ ಪ್ರಯೋಜನವಿಲ್ಲ.

2010ರಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಆರಂಭವಾದ ನಂತರ ಮಕ್ಕಳಿರುವ ಕುಟುಂಬಗಳು ಸೆಂಟೋಸಾದಲ್ಲೇ ತಂಗಲು ಬಯಸುತ್ತವೆ. ಎರಡು ದಿನ ಅಲ್ಲಿಯೇ ಕಳೆಯುವ ಉದ್ದೇಶವಿದ್ದರೆ ಸರಿ. ಇಡೀ ವಾರ ಅಲ್ಲಿದ್ದು ಪ್ರತಿದಿನ ನಗರಕ್ಕೆ ಓಡಾಡುವುದು ಹಣ, ಸಮಯ ಎರಡರ ವ್ಯಯ. ಊಟದ ಖರ್ಚೂ ನಗರಕ್ಕಿಂತ ಅಧಿಕ.

ಗೆಯ್ಲಾಂಗ್ ಬಗ್ಗೆ ಎಚ್ಚರ

ಕಾಯ್ದಿರಿಸುವ ಜಾಲತಾಣಗಳಲ್ಲಿ ಕಡಿಮೆ ದರದಿಂದ ಮೇಲಕ್ಕೆ ಪಟ್ಟಿ ಮಾಡಿದಾಗ ಮೊದಲಿಗೆ ಕಾಣಿಸುವ ಹೋಟೆಲುಗಳಲ್ಲಿ ಗೆಯ್ಲಾಂಗ್ ಪ್ರದೇಶದವು ಹಲವು. ತಿನಿಸುಗಳಿಗೆ ಹೆಸರಾದ ಈ ಪ್ರದೇಶ, ಅಧಿಕೃತವಾಗಿ ಸಹಿಸಿಕೊಳ್ಳಲಾಗಿರುವ ವೇಶ್ಯಾವಾಟಿಕೆಯ ಬೀದಿಗಳಿಗೂ ಹೆಸರಾಗಿದೆ. 'ಲೋರೊಂಗ್' ಎಂದರೆ ಓಣಿ. ಸಮಸಂಖ್ಯೆಯ ಲೋರೊಂಗ್‌ಗಳಲ್ಲಿ ಈ ವ್ಯವಹಾರ ಹೆಚ್ಚು. ಗಂಟೆ ಲೆಕ್ಕದಲ್ಲಿ ಕೊಠಡಿ ನೀಡುವ ಹೋಟೆಲುಗಳೂ ಇಲ್ಲಿವೆ. ಪ್ರಾಣಭಯವೇನೂ ಇಲ್ಲ. ಆದರೆ ಅತ್ತೆ, ಮಾವ, ಶಾಲೆಗೆ ಹೋಗುವ ಮಕ್ಕಳೊಡನೆ ಹೋದವರು ರಾತ್ರಿ ಆ ಓಣಿಯಲ್ಲಿ ನಡೆದು ಬರುವಾಗ ಮುಜುಗರಕ್ಕೆ ಒಳಗಾಗುವುದು ನಿಶ್ಚಿತ. ವಿಳಾಸದಲ್ಲಿ ಗೆಯ್ಲಾಂಗ್, ಲೋರೊಂಗ್ ಎಂಬ ಪದಗಳು ಒಟ್ಟಿಗೆ ಬಂದರೆ ನಕ್ಷೆಯಲ್ಲಿ ಸುತ್ತಲಿನ ಬೀದಿಯನ್ನು ನೋಡಿಯೇ ಹಣ ಪಾವತಿಸಬೇಕು.

ಹಡಗುಕಟ್ಟೆಗಳು ಎರಡು

ಸಿಂಗಪುರ ಪ್ರವಾಸದೊಡನೆ ಮೂರು, ನಾಲ್ಕು ದಿನಗಳ ವಿಹಾರ ನೌಕಾಯಾನ ಸೇರಿಸಿಕೊಳ್ಳುವ ಪರಿಪಾಠ ಭಾರತೀಯರಲ್ಲಿ ಬೆಳೆದಿದೆ. ಇಲ್ಲಿ ಒಂದು ಗೊಂದಲ ಸಾಮಾನ್ಯ. ವಿಹಾರ ನೌಕೆಗಳು ಹೊರಡುವ ಕಟ್ಟೆಗಳು ಎರಡಿವೆ. ಒಂದು, ಹಾರ್ಬರ್‌ಫ್ರಂಟ್‌ನ ಸಿಂಗಪುರ ಕ್ರೂಸ್ ಸೆಂಟರ್. ಮತ್ತೊಂದು, 2012ರಲ್ಲಿ ಆರಂಭವಾದ ಮರೀನಾ ಬೇ ಕ್ರೂಸ್ ಸೆಂಟರ್. ಭಾರಿ ಗಾತ್ರದ ಹಡಗುಗಳು ಹೆಚ್ಚಾಗಿ ಹೊರಡುವುದು ಎರಡನೆಯದರಿಂದ. 'ಹಾರ್ಬರ್' ಎಂಬ ಹೆಸರು ನೋಡಿ ಹಾರ್ಬರ್‌ಫ್ರಂಟ್‌ನಲ್ಲಿ ಕೊಠಡಿ ಹಿಡಿದವರು ಹೊರಡುವ ದಿನ ಪೆಟ್ಟಿಗೆಗಳೊಡನೆ ನಗರದ ಇನ್ನೊಂದು ದಿಕ್ಕಿಗೆ ಧಾವಿಸಬೇಕಾಗುತ್ತದೆ. ಟಿಕೆಟಿನಲ್ಲಿ ನಮೂದಾದ ಕಟ್ಟೆಯ ಹೆಸರನ್ನು ಮೊದಲು ಓದಿ, ಆನಂತರ ಹೋಟೆಲು ಆರಿಸಬೇಕು.

ಹಡಗಿನಲ್ಲಿ ಬೇರೆ ದೇಶಕ್ಕೆ ಹೋಗಿ ಮರಳುವವರು, ಇಂಡೊನೇಷ್ಯದ ಬಾಟಮ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬರುವವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸಿಂಗಪುರದಿಂದ ಹೊರಹೋಗಿ ಮತ್ತೆ ಒಳಬರಲು ಬಹು ಪ್ರವೇಶದ ವೀಸಾ ಬೇಕು. ಒಂದೇ ಪ್ರವೇಶದ ವೀಸಾ ಇದ್ದರೆ ಕಾಯ್ದಿರಿಸಿದ ಉಳಿದ ರಾತ್ರಿಗಳ ಕೊಠಡಿ ವ್ಯರ್ಥವಾಗುತ್ತದೆ.

ಕೊಠಡಿಯ ಅಳತೆ, ಕಿಟಕಿ, ವೇಳೆ

ನೆಲಕ್ಕೆ ಚಿನ್ನದ ಬೆಲೆ ಇರುವ ದ್ವೀಪದಲ್ಲಿ ಕೊಠಡಿಗಳು ಚಿಕ್ಕವು. ಅಗ್ಗದ ಹೋಟೆಲುಗಳಲ್ಲಿ 9ರಿಂದ 12 ಚದರ ಮೀಟರ್, ಅಂದರೆ ಸುಮಾರು 100ರಿಂದ 130 ಚದರ ಅಡಿ ಸಾಮಾನ್ಯ. ಎರಡು ದೊಡ್ಡ ಪೆಟ್ಟಿಗೆಗಳನ್ನು ತೆರೆದರೆ ಕಾಲಿಡಲು ಜಾಗವಿರುವುದಿಲ್ಲ. ಕಿಟಕಿಯೇ ಇಲ್ಲದ ಕೊಠಡಿಗಳೂ ಅಲ್ಲಿ ಸರ್ವೇಸಾಮಾನ್ಯ, ಅವುಗಳ ದರ ಕಡಿಮೆ. ಒಬ್ಬ ವ್ಯಾಪಾರಿ ಎರಡು ರಾತ್ರಿ ಮಲಗಲು ಅಡ್ಡಿಯಿಲ್ಲ. ಉಸಿರಾಟದ ತೊಂದರೆ ಇರುವವರಿಗೆ, ಮುಚ್ಚಿದ ಜಾಗದ ಭಯ ಇರುವವರಿಗೆ ಅದು ಸಲ್ಲದು. ವಿವರದಲ್ಲಿ ಕಿಟಕಿಯ ಪ್ರಸ್ತಾಪ ಇಲ್ಲದಿದ್ದರೆ ಕಿಟಕಿ ಇಲ್ಲವೆಂದೇ ಭಾವಿಸಿ ವಿಚಾರಿಸುವುದು ಕ್ಷೇಮ.

ನೆಲದ ಮೇಲೆ ಹಾಸಿಗೆ ಹಾಸಿ ನಾಲ್ಕೈದು ಮಂದಿ ಮಲಗುವ ನಮ್ಮ ಲಾಡ್ಜಿನ ಪದ್ಧತಿ ಅಲ್ಲಿ ನಡೆಯದು. ಒಂದು ಕೊಠಡಿಗೆ ಎಷ್ಟು ಮಂದಿ ಎಂಬುದು ನಿಗದಿಯಾಗಿರುತ್ತದೆ. ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ಪರಿಶೀಲಿಸಲಾಗುತ್ತದೆ. ದಂಪತಿ ಮತ್ತು ಇಬ್ಬರು ಮಕ್ಕಳಿದ್ದರೆ ಕುಟುಂಬ ಕೊಠಡಿ ಅಥವಾ ನಡುವೆ ಬಾಗಿಲಿರುವ ಜೋಡಿ ಕೊಠಡಿಗಳನ್ನು ಕೇಳಬೇಕು.

ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನಗಳು ಅಲ್ಲಿ ಇಳಿಯುವುದು ಬೆಳಗಿನ ಜಾವ. ಗಡಿಯಾರ ಎರಡೂವರೆ ತಾಸು ಮುಂದಿರುತ್ತದೆ. ಹೋಟೆಲುಗಳು ಕೊಠಡಿ ಕೊಡುವುದು ಮಧ್ಯಾಹ್ನ 2 ಅಥವಾ 3 ಗಂಟೆಗೆ. ನಿದ್ದೆಗೆಟ್ಟ ಹಿರಿಯರು ಏಳೆಂಟು ತಾಸು ಹಜಾರದಲ್ಲಿ ಕೂರುವಂತಾಗದಿರಲು ಬೇಗ ಕೊಠಡಿ ಸಿಗುವುದೇ, ಅದಕ್ಕೆ ಹೆಚ್ಚುವರಿ ಎಷ್ಟು, ಪೆಟ್ಟಿಗೆಗಳನ್ನು ಇರಿಸಿಕೊಳ್ಳುತ್ತಾರೆಯೇ ಎಂಬುದನ್ನು ಮೊದಲೇ ತಿಳಿಯಬೇಕು. ರಾತ್ರಿ ಇಳಿಯುವವರಿಗೆ ಮಧ್ಯರಾತ್ರಿಯ ಸುಮಾರಿಗೆ ಮೆಟ್ರೊ ನಿಲ್ಲುತ್ತದೆ. ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಟ್ಯಾಕ್ಸಿಯಲ್ಲಿ ಶೇ 50ರಷ್ಟು ಅಧಿಕ ದರವಿರುತ್ತದೆ. ಸಾಮಾನ್ಯ ಟ್ಯಾಕ್ಸಿಯಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಯನ್ನು ಹತ್ತಿಸಿಕೊಳ್ಳುವುದಿಲ್ಲ.

ದರದ ಲೆಕ್ಕ

ಸಿಂಗಪುರದಲ್ಲಿ ಹೋಟೆಲಿನ ದರದ ಮುಂದೆ ಎರಡು ಕೂಡಿಸುವ ಚಿಹ್ನೆಗಳಿದ್ದರೆ, ಶೇ 10ರ ಸೇವಾ ಶುಲ್ಕ ಮತ್ತು ಶೇ 9ರ ಸರಕು ಮತ್ತು ಸೇವಾ ತೆರಿಗೆ ಅದರಲ್ಲಿ ಸೇರಿಲ್ಲವೆಂದು ಅರ್ಥ. ಈ ತೆರಿಗೆ 2024ರ ಜನವರಿಯಿಂದ ಶೇ 9 ಆಗಿದೆ. ತೆರಿಗೆಯನ್ನು ಸೇವಾ ಶುಲ್ಕದ ಮೇಲೂ ಲೆಕ್ಕ ಹಾಕುವುದರಿಂದ ಒಟ್ಟು ಹೊರೆ ಶೇ 19 ಅಲ್ಲ, ಶೇ 19.9. ಉದಾಹರಣೆಗೆ, ರಾತ್ರಿಗೆ 150 ಡಾಲರ್ ಎಂದು ಕಂಡ ಕೊಠಡಿಗೆ ಸೇವಾ ಶುಲ್ಕ ಸೇರಿ 165, ತೆರಿಗೆ ಸೇರಿ 179 ಡಾಲರ್ 85 ಸೆಂಟ್. ಐದು ರಾತ್ರಿಗೆ 750 ಎಂದುಕೊಂಡದ್ದು 899 ಡಾಲರ್ 25 ಸೆಂಟ್ ಆಗುತ್ತದೆ. ಹೆಚ್ಚು ಕಡಿಮೆ ಒಂದು ರಾತ್ರಿಯ ಬಾಡಿಗೆಯೇ ಹೆಚ್ಚುವರಿ. ಎರಡು ಹೋಟೆಲುಗಳನ್ನು ಹೋಲಿಸುವಾಗ ಎಲ್ಲ ಸೇರಿದ ಅಂತಿಮ ಮೊತ್ತವನ್ನೇ ಹೋಲಿಸಬೇಕು.

ಹೋಟೆಲುಗಳು ಮುಂಗಡ ಠೇವಣಿಯಾಗಿ ಕಾರ್ಡಿನಲ್ಲಿ ಒಂದಿಷ್ಟು ಮೊತ್ತವನ್ನು ತಡೆಹಿಡಿಯುವುದು ರೂಢಿ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ ಬಳಸಿದರೆ ಆ ಹಣ ಮರಳಿ ಬಳಕೆಗೆ ಸಿಗಲು ಹಲವು ದಿನಗಳು ಬೇಕಾಗಬಹುದು. ಠೇವಣಿಗೆ ಕ್ರೆಡಿಟ್ ಕಾರ್ಡ್, ಖರ್ಚಿಗೆ ಫಾರೆಕ್ಸ್ ಕಾರ್ಡ್ ಎಂದು ವಿಂಗಡಿಸಿಕೊಂಡರೆ ಕೈ ಕಟ್ಟಿದಂತಾಗದು.

ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನಡೆಯುವ ಫಾರ್ಮುಲಾ ಒನ್ ಕಾರ್ ಪಂದ್ಯದ ವಾರದಲ್ಲಿ ದರ ಏರುತ್ತದೆ. ನಮ್ಮ ದಸರಾ ರಜೆಯ ಪ್ರವಾಸ ಯೋಜಿಸುವವರು ಪಂದ್ಯದ ದಿನಾಂಕ ನೋಡಿಕೊಳ್ಳಬೇಕು. ಚೀನೀ ಹೊಸವರ್ಷದಲ್ಲಿ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ದೀಪಾವಳಿಯ ಮುಂಚಿನ ವಾರಗಳಲ್ಲಿ ಸಿರಂಗೂನ್ ರಸ್ತೆ ದೀಪಾಲಂಕಾರದಿಂದ ಕಳೆಗಟ್ಟುತ್ತದೆ. ಕೊಠಡಿ ಸಿಗುವುದು ಅಷ್ಟೇ ಕಷ್ಟ.

ಅಗ್ಗದ ಫ್ಲ್ಯಾಟ್: ಕಾನೂನು ಏನು ಹೇಳುತ್ತದೆ

ಅಡುಗೆ ಮನೆಯಿರುವ ಫ್ಲ್ಯಾಟ್ ಸಿಕ್ಕರೆ ಅನ್ನ, ಸಾರು ಮಾಡಿಕೊಂಡು ಖರ್ಚು ಉಳಿಸಬಹುದೆಂಬ ಆಲೋಚನೆ ನಮ್ಮ ಕುಟುಂಬಗಳಿಗೆ ಸಹಜ. ಸಿಂಗಪುರದಲ್ಲಿ ಇದು ಕಾನೂನಿನ ತೊಡಕಿಗೆ ದಾರಿ. ಖಾಸಗಿ ವಸತಿ ಕಟ್ಟಡಗಳನ್ನು ಸತತ ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ. ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟುಗಳಿಗೆ ಕನಿಷ್ಠ ಅವಧಿ ಆರು ತಿಂಗಳು, ಪ್ರವಾಸಿಗರಿಗಂತೂ ಬಾಡಿಗೆಗೆ ಕೊಡುವಂತೆಯೇ ಇಲ್ಲ. ನಿಯಮ ಮುರಿದು ಖಾಸಗಿ ಮನೆಯನ್ನು ದಿನಬಾಡಿಗೆಗೆ ನಡೆಸುವವರಿಗೆ 2 ಲಕ್ಷ ಸಿಂಗಪುರ ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ.

ದಂಡ ಮನೆ ಕೊಟ್ಟವರಿಗೆ ಬಿದ್ದರೂ ಬೀದಿಗೆ ಬರುವವರು ಪ್ರವಾಸಿಗಳೇ. ಕಾವಲುಗಾರರು ಒಳಗೆ ಬಿಡದಿದ್ದರೆ, ನೆರೆಯವರು ದೂರು ನೀಡಿದರೆ ಮಧ್ಯರಾತ್ರಿ ಬೇರೆ ಸೂರು ಹುಡುಕಬೇಕು. 'ಯಾರಾದರೂ ಕೇಳಿದರೆ ಸ್ನೇಹಿತರ ಮನೆಗೆ ಬಂದಿದ್ದೇವೆ ಎನ್ನಿ' ಎಂಬ ಸೂಚನೆ ಬಂದಲ್ಲಿ ಆ ವ್ಯವಹಾರವನ್ನು ಅಲ್ಲಿಗೇ ಕೈಬಿಡಬೇಕು. ಅಡುಗೆ ಮನೆ ಬೇಕೇ ಬೇಕೆನ್ನುವವರಿಗೆ ಕಾನೂನುಬದ್ಧ ಮಾರ್ಗ ಸರ್ವಿಸ್ಡ್ ಅಪಾರ್ಟ್‌ಮೆಂಟ್. ಅದರ ಕನಿಷ್ಠ ಅವಧಿ ಏಳು ದಿನ. ನಾಲ್ಕಾರು ಮಂದಿ ವಾರಕ್ಕೂ ಮೇಲ್ಪಟ್ಟು ತಂಗುವುದಾದರೆ ಲೆಕ್ಕ ಸರಿಹೊಂದುತ್ತದೆ. ಹೋಟೆಲು ಕೊಠಡಿಯಲ್ಲಿ ವಿದ್ಯುತ್ ಒಲೆ ಹಚ್ಚುವುದು ಬೇಡ. ಹೊಗೆ ಸಂವೇದಿ ಗಂಟೆ ಮೊಳಗಿದರೆ ದಂಡ ತೆರಬೇಕಾದೀತು.

ಮಕ್ಕಳ ಮನೆಯಲ್ಲಿ ತಂಗುವವರು

ಮಗನೋ ಮಗಳೋ ಅಲ್ಲಿ ಉದ್ಯೋಗದಲ್ಲಿದ್ದು, ಬಾಡಿಗೆ ಪಡೆಯದೆ ತಂದೆತಾಯಿಯರನ್ನು ಮನೆಯಲ್ಲಿ ಇರಿಸಿಕೊಳ್ಳುವುದು ದಿನಬಾಡಿಗೆಯ ನಿಯಮದಡಿ ಬರುವುದಿಲ್ಲ. ಆದರೂ ಬಾಡಿಗೆ ಮನೆಯಾಗಿದ್ದರೆ ಕರಾರು ಪತ್ರದಲ್ಲಿ ಅತಿಥಿಗಳ ಬಗ್ಗೆ ಷರತ್ತು ಇದೆಯೇ ಎಂದು ನೋಡಿಕೊಳ್ಳಬೇಕು. ಒಂದೇ ಕೋಣೆಯನ್ನು ಬಾಡಿಗೆಗೆ ಪಡೆದಿರುವ ಯುವಕರಿಗೆ ಮನೆ ಒಡೆಯರ ಒಪ್ಪಿಗೆ ಅತ್ಯಗತ್ಯ. ಒಪ್ಪಿಗೆ ಸಿಗದಿದ್ದಲ್ಲಿ ಮಕ್ಕಳ ಮನೆಯ ಮೆಟ್ರೊ ಮಾರ್ಗದಲ್ಲೇ ಇರುವ ಹೋಟೆಲೊಂದನ್ನು ಹಿಡಿದು ಹಗಲನ್ನು ಮನೆಯಲ್ಲಿ ಕಳೆಯುವುದು ಉತ್ತಮ ಮಾರ್ಗ. ಇದನ್ನು ತಂದೆತಾಯಿಯರು ಅಗೌರವವೆಂದು ಭಾವಿಸಬೇಕಾಗಿಲ್ಲ. ಮಕ್ಕಳ ಬಾಡಿಗೆ ಕರಾರಿಗೆ ಧಕ್ಕೆ ಬಾರದಿರುವುದು ಮುಖ್ಯ.

ಊಟ ಮತ್ತು ಪೆಟ್ಟಿಗೆಯೊಳಗಿನ ಸಾಮಾನು

ಲಿಟಲ್ ಇಂಡಿಯಾದಲ್ಲಿ ಸಸ್ಯಾಹಾರಕ್ಕೆ ಬರವಿಲ್ಲ. ಸಿಂಗಪುರದ ಅತಿ ಹಳೆಯ ಭಾರತೀಯ ಸಸ್ಯಾಹಾರಿ ಹೋಟೆಲೆನಿಸಿದ ಆನಂದ ಭವನ್ 1924ರದು, ಕೋಮಲ ವಿಲಾಸ್ 1947ರದು. ಬೆಂಗಳೂರಿನಲ್ಲಿ 1924ರಲ್ಲಿಯೇ ಆರಂಭವಾದ ಎಂಟಿಆರ್ 2013ರಲ್ಲಿ ಸಿರಂಗೂನ್ ರಸ್ತೆಯಲ್ಲಿ ಶಾಖೆ ತೆರೆಯಿತು. ರವೆ ಇಡ್ಲಿ, ಬಿಸಿಬೇಳೆಭಾತ್, ಲೋಟದ ಕಾಫಿಗೆ ಹಂಬಲಿಸುವ ಹಿರಿಯರಿಗೆ ಈ ರಸ್ತೆಯ ಸನಿಹದ ವಸತಿಯೇ ಸಮಾಧಾನ. ನಲ್ಲಿಯ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಕಿಲ್ಲ. ವಿದ್ಯುತ್ ಪ್ಲಗ್‌ಗಳು ಚೌಕಾಕಾರದ ಮೂರು ಕಡ್ಡಿಗಳವು. ಅಡಾಪ್ಟರ್ ಇಲ್ಲಿಂದಲೇ ಒಯ್ಯಬೇಕು.

ಮನೆಯ ತಿಂಡಿ, ಪುಡಿಗಳನ್ನು ಕಟ್ಟಿಕೊಂಡು ಹೋಗುವವರು ಒಂದು ವಿಷಯವನ್ನು ಮರೆಯಕೂಡದು. ನಮ್ಮ ಅಡುಗೆಯಲ್ಲಿ ಪಾಯಸಕ್ಕೂ ಸಾಗುವಿಗೂ ಬಳಸುವ ಗಸಗಸೆ ಸಿಂಗಪುರದಲ್ಲಿ ನಿಷಿದ್ಧ ವಸ್ತು. ಅಫೀಮಿನ ಗಿಡದ ಬೀಜವಾದ್ದರಿಂದ ಮಾದಕವಸ್ತು ನಿಯಂತ್ರಣ ಇಲಾಖೆ ಅದನ್ನು ನಿಷೇಧಿಸಿದೆ. ಪೇಟೆಯ ದಿನಸಿ ಅಂಗಡಿಯಿಂದ ತಂದ ಗಸಗಸೆ ಪೊಟ್ಟಣ, ಅದು ಬೆರೆತ ಮಸಾಲೆ ಪುಡಿ ಯಾವುದೂ ಪೆಟ್ಟಿಗೆಯಲ್ಲಿ ಇರಬಾರದು. ಅಗಿಯುವ ಹೊಗೆಸೊಪ್ಪು, ಗುಟ್ಕಾ, ಇ-ಸಿಗರೇಟು ನಿಷಿದ್ಧ. ಚೂಯಿಂಗ್ ಗಮ್ ಆಮದಿಗೆ 1992ರಿಂದ ನಿಷೇಧವಿದೆ. ನಿದ್ರೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಗಳಿಗೆ ಪೂರ್ವಾನುಮತಿ ಬೇಕಾಗಬಹುದು. ವೈದ್ಯರ ಚೀಟಿಯೊಡನೆ ಮೊದಲೇ ಪರಿಶೀಲಿಸಿಕೊಳ್ಳಬೇಕು. ಮಾದಕವಸ್ತು ಸಾಗಣೆಗೆ ಮರಣದಂಡನೆ ಇರುವ ದೇಶವದು. ಪರಿಚಯದವರು 'ನಮ್ಮ ಹುಡುಗನಿಗೆ ಕೊಟ್ಟುಬಿಡಿ' ಎಂದು ನೀಡುವ ಕಟ್ಟನ್ನು ಬಿಚ್ಚಿ ನೋಡದೆ ಒಯ್ಯಕೂಡದು.

ಯಾರಿಗೆ ಎಲ್ಲಿ

ಒಟ್ಟಾರೆ ಹೇಳುವುದಾದರೆ, ಮೊದಲ ಬಾರಿ ಹೋಗುವ ಸಸ್ಯಾಹಾರಿ ಕುಟುಂಬಗಳಿಗೆ, ಹಿರಿಯರಿಗೆ ಲಿಟಲ್ ಇಂಡಿಯಾ ಅಥವಾ ಫ್ಯಾರರ್ ಪಾರ್ಕ್ ನಿಲ್ದಾಣದಿಂದ ಐದಾರು ನಿಮಿಷಗಳ ನಡಿಗೆಯಲ್ಲಿರುವ, ಲಿಫ್ಟ್ ಮತ್ತು ಕಿಟಕಿ ಇರುವ ಹೋಟೆಲು ಸೂಕ್ತ. ಮೌನ ಬಯಸುವ ದಂಪತಿಗಳಿಗೆ ಬೂಗಿಸ್, ಬೆಂಕೂಲೆನ್. ಹಳೆಯ ಊರಿನ ಸೊಬಗು ಇಷ್ಟಪಡುವ, ಮೆಟ್ಟಿಲು ಹತ್ತಬಲ್ಲ ಯುವಕರಿಗೆ ಚೈನಾಟೌನ್. ಪುಟ್ಟ ಮಕ್ಕಳಿದ್ದರೆ ನಗರದಲ್ಲಿ ಮೂರು ರಾತ್ರಿ, ಸೆಂಟೋಸಾದಲ್ಲಿ ಒಂದು ಅಥವಾ ಎರಡು ರಾತ್ರಿ. ಒಂಟಿಯಾಗಿ ಹೋಗುವ ವ್ಯಾಪಾರಿಗೆ ಲ್ಯಾವೆಂಡರ್, ಜಲಾನ್ ಬೆಸಾರ್ ಕಡೆಯ ಸಣ್ಣ ಕೊಠಡಿ ಅಥವಾ ಹಾಸ್ಟೆಲು ಸಾಕು.

ಹಣ ಪಾವತಿಸುವ ಮುನ್ನ ಐದು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಬೇಕು: ಎಲ್ಲ ತೆರಿಗೆ ಸೇರಿ ಒಟ್ಟು ಎಷ್ಟು? ಕಿಟಕಿ ಇದೆಯೇ? ಲಿಫ್ಟ್ ಇದೆಯೇ? ಬೆಳಿಗ್ಗೆ ಬಂದರೆ ಕೊಠಡಿ ಸಿಗುವುದೇ? ರದ್ದುಪಡಿಸಿದರೆ ಹಣ ಮರಳುವುದೇ? ಪ್ರವಾಸ ಸಂಸ್ಥೆಯ ಮೂಲಕ ಹೋಗುವವರು ಹೋಟೆಲಿನ ಹೆಸರನ್ನೇ ಕೇಳಬೇಕು. 'ಅಥವಾ ತತ್ಸಮಾನ' ಎಂಬ ಪದದ ಮರೆಯಲ್ಲಿ ಬೇರೆ ಬಡಾವಣೆಯ ಹೋಟೆಲು ಕೊಡುವ ಸಾಧ್ಯತೆಯಿದೆ. ಹೆಸರು ತಿಳಿದ ಮೇಲೆ ಅದರ ವಿಳಾಸವನ್ನು ನಕ್ಷೆಯಲ್ಲಿ ನೋಡಲು ಐದು ನಿಮಿಷ ಸಾಕು. ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಹಿರಿಯರನ್ನು ಮೊದಲ ಬಾರಿ ಸಮುದ್ರ ದಾಟಿಸುವ ಮನೆಗಳಿಗೆ ಆ ಐದು ನಿಮಿಷ ದುಬಾರಿಯಲ್ಲ.